ಹೊಸ ದೇಶದ ಬೀದಿಯಲ್ಲಿ ನಮ್ಮ ಹಳೆಯ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಉದ್ಯೋಗದ ನಿಮಿತ್ತ ನಾವು ಬೇರೆ ದೇಶಕ್ಕೆ ಬಂದೆವು. ಆರು ವರ್ಷದ ನಮ್ಮ ಹೆಣ್ಣುನಾಯಿಯನ್ನೂ ಜೊತೆಯಲ್ಲೇ ಕರೆತಂದೆವು. ಹಿಂದಿನ ಮನೆಯ ಅಂಗಳದಲ್ಲಿ ತನ್ನಷ್ಟಕ್ಕೆ ಓಡಾಡಿಕೊಂಡು ಬೆಳೆದ ಅವಳನ್ನು ನಾವು ಹಗ್ಗ ಕಟ್ಟಿ ನಡೆಸಿದ್ದು ಕಡಿಮೆ. ಇಲ್ಲಿ ನಮ್ಮದು ಮೂರನೆಯ ಮಹಡಿಯ ಮನೆ. ಹೊರಗೆ ಹೊರಟರೆ ಅವಳು ಕಟ್ಟಡದ ಬಾಗಿಲಲ್ಲೇ ಕುಳಿತುಬಿಡುತ್ತಾಳೆ. ಎಳೆದರೆ ನಾಲ್ಕು ಹೆಜ್ಜೆ ಬಂದು ಮನೆಯತ್ತ ತಿರುಗುತ್ತಾಳೆ. ಸೈಕಲ್ ಕಂಡರೆ ವಿಪರೀತ ಬೊಗಳುತ್ತಾಳೆ. ಕಳೆದ ವಾರ ಉದ್ಯಾನದಲ್ಲಿ ಹಗ್ಗ ಬಿಚ್ಚಿದಾಗ ಒಂದು ಮಗುವಿನ ಬಳಿಗೆ ಓಡಿದಳು. ಆಟಕ್ಕೆ ಓಡಿದ್ದಷ್ಟೇ, ಆದರೆ ಮಗುವಿನ ತಂದೆ ನಮ್ಮೊಡನೆ ಬಹಳ ಕಟುವಾಗಿ ಮಾತನಾಡಿದರು. ಅವಳನ್ನು ಕರೆತಂದದ್ದೇ ತಪ್ಪು, ಯಾರಿಗಾದರೂ ಕೊಟ್ಟುಬಿಡೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ನಾನು ಏನು ಮಾಡಲಿ?

ಉತ್ತರ: ಕೊಟ್ಟುಬಿಡುವ ನಿರ್ಧಾರವನ್ನು ದಯವಿಟ್ಟು ಈಗ ಮಾಡಬೇಡಿ. ಆರು ವರ್ಷ ಒಂದೇ ಅಂಗಳವನ್ನು ಕಂಡ ನಾಯಿಗೆ ನಾಲ್ಕು ತಿಂಗಳು ದೊಡ್ಡ ಅವಧಿಯೇನೂ ಅಲ್ಲ. ನೀವು ಬರೆದಿರುವ ಲಕ್ಷಣಗಳೆಲ್ಲ ಹೆದರಿದ ನಾಯಿಯಲ್ಲಿ ಕಾಣುವಂಥವು, ಮತ್ತು ಭಯವನ್ನು ತಾಳ್ಮೆಯಿಂದ ಕಡಿಮೆ ಮಾಡಲು ಸಾಧ್ಯವಿದೆ. ಆದರೂ ಮೊದಲು ಒಮ್ಮೆ ಪಶುವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಆರು ವರ್ಷದ ನಾಯಿಗೆ ಕೀಲುನೋವು ಆರಂಭವಾಗಿರಬಹುದು, ಮೂರು ಮಹಡಿಯ ಮೆಟ್ಟಿಲು ಇಳಿಯುವುದೇ ಅದಕ್ಕೆ ಯಾತನೆಯಾಗಿರಬಹುದು. ನೋವಿನಿಂದ ಕುಳಿತ ನಾಯಿಗೂ ಭಯದಿಂದ ಕುಳಿತ ನಾಯಿಗೂ ನೋಡುವವರ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನೋವಿಲ್ಲವೆಂದು ಖಚಿತವಾದರೆ ಅವಳು ಬಾಗಿಲಲ್ಲಿ ಕುಳಿತು ಏನು ಮಾಡುತ್ತಿದ್ದಾಳೆಂದು ಗಮನವಿಟ್ಟು ನೋಡಿ. ಮೂಗು ಆಡುತ್ತಿರುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50ರಿಂದ 60 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ ಅವು ತಳಿಗೆ ತಕ್ಕಂತೆ 30 ಕೋಟಿಯವರೆಗೂ ಇರುತ್ತವೆಂದು ಹೇಳುತ್ತಾರೆ. ನಮಗೆ ಹೊಸ ದೇಶವೆಂದರೆ ಹೊಸ ಭಾಷೆ, ಹೊಸ ಕಟ್ಟಡಗಳು. ಅವಳಿಗಾದರೋ ಒಂದೇ ಒಂದು ಪರಿಚಿತ ವಾಸನೆಯೂ ಇಲ್ಲದ ನೆಲ. ಹಿಂದಿನ ಅಂಗಳದಲ್ಲಿ ಯಾವ ನಾಯಿ ಬಂದು ಹೋಯಿತು, ಯಾವ ಬೆಕ್ಕು ಗೋಡೆ ಹತ್ತಿತು ಎಂಬುದೆಲ್ಲ ಅವಳಿಗೆ ತಿಳಿಯುತ್ತಿತ್ತು. ಇಲ್ಲಿ ನೂರಾರು ಅಪರಿಚಿತ ನಾಯಿಗಳ ಗುರುತು ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಅದನ್ನು ಅರ್ಥಮಾಡಿಕೊಳ್ಳುವ ಮೊದಲೇ ನಾವು ಹಗ್ಗ ಎಳೆದರೆ ಅವಳು ಹಿಂದಕ್ಕೇ ಜಗ್ಗುತ್ತಾಳೆ.

ಆದ್ದರಿಂದ ಕೆಲವು ವಾರ ದೂರದ ಲೆಕ್ಕವನ್ನು ಬಿಟ್ಟುಬಿಡಿ. ಬೀದಿಯಲ್ಲಿ ಸದ್ದು ಕಡಿಮೆಯಿರುವ ಹೊತ್ತನ್ನು ಆರಿಸಿಕೊಂಡು, ದಿನವೂ ಅದೇ ಬಾಗಿಲಿನಿಂದ ಹೊರಟು, ಅದೇ ಐವತ್ತು ಹೆಜ್ಜೆಯ ದಾರಿಯಲ್ಲಿ ಅವಳ ಮೂಗು ನಿಂತಲ್ಲಿ ನೀವೂ ನಿಂತು, ಅವಳು ತಾನಾಗಿ ಮುಂದೆ ಹೆಜ್ಜೆಯಿಟ್ಟಾಗ ಅವಳಿಗೆ ಇಷ್ಟವಾದ ತಿನಿಸಿನ ಸಣ್ಣ ಚೂರೊಂದನ್ನು ಕೊಟ್ಟು, ಅವಳಿಗೆ ಸಾಕೆನಿಸುವ ಮೊದಲೇ ಮನೆಗೆ ಮರಳಿ. ಐವತ್ತು ಹೆಜ್ಜೆ ಅವಳದಾದ ಮೇಲೆ ನೂರಕ್ಕೆ ಹೋಗಬಹುದು. ಬಾಗಿಲಲ್ಲೇ ಹತ್ತು ನಿಮಿಷ ಕುಳಿತು ಹಿಂದಿರುಗಿದ ದಿನವೂ ವ್ಯರ್ಥವಾಯಿತೆಂದು ತಿಳಿಯಬೇಡಿ.

ಸೈಕಲ್ಲಿನ ವಿಷಯ ಸ್ವಲ್ಪ ಬೇರೆ. ಹಗ್ಗವಿಲ್ಲದೆ ಬೆಳೆದ ನಾಯಿ ತನಗೆ ಹಿಡಿಸದ ವಸ್ತು ಕಂಡರೆ ಪಕ್ಕಕ್ಕೆ ಸರಿದುಹೋಗುತ್ತದೆ. ಹಗ್ಗ ಕಟ್ಟಿದ ಕ್ಷಣ ಸರಿದುಹೋಗುವ ಆ ದಾರಿ ಮುಚ್ಚುತ್ತದೆ, ಉಳಿಯುವುದು ಬೊಗಳಿ ಓಡಿಸುವ ದಾರಿಯೊಂದೇ. ಹಾಗಾಗಿ ಅವಳು ಹಿಂದೆ ತಾನೇ ಕಾಯ್ದುಕೊಳ್ಳುತ್ತಿದ್ದ ಅಂತರವನ್ನು ಈಗ ಅವಳ ಪರವಾಗಿ ನೀವು ಕಾಯಬೇಕು. ಎಷ್ಟು ದೂರದಲ್ಲಿ ಸೈಕಲ್ ಹೋದರೆ ಅವಳು ನೋಡಿಯೂ ಸುಮ್ಮನಿರುತ್ತಾಳೋ ಅಷ್ಟು ದೂರದಲ್ಲಿ ನಿಲ್ಲಿ. ಅವಳು ನೋಡಿದ ಕೂಡಲೇ, ಬೊಗಳುವ ಮೊದಲೇ, ತಿನಿಸು ಕೊಡಿ. ಸೈಕಲ್ ಕಂಡರೆ ಒಳ್ಳೆಯದೇನೋ ಆಗುತ್ತದೆ ಎಂಬ ನಂಟು ಅವಳ ಮನಸ್ಸಿನಲ್ಲಿ ಬೆಳೆದಂತೆಲ್ಲ ಅಂತರವನ್ನು ನಿಧಾನವಾಗಿ ಕಡಿಮೆ ಮಾಡಬಹುದು. ಬೊಗಳಿದಾಗ ಗದರುವುದರಿಂದ, ಕೊರಳಿಗೆ ಜಗ್ಗುವುದರಿಂದ ಆಗುವುದು ಹಾನಿಯೇ: ಸೈಕಲ್ ಬಂದರೆ ಕೊರಳು ನೋಯುತ್ತದೆ ಎಂದು ಅವಳು ಕಲಿಯುತ್ತಾಳೆ, ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಕೊರಳಪಟ್ಟಿಗೆ ಬದಲು ಎದೆಯನ್ನು ಸುತ್ತುವ, ಮೈಗೆ ಸರಿಯಾಗಿ ಕೂರುವ ಹಾರ್ನೆಸ್ ತೊಡಿಸಿ. ಹೆದರಿದ ನಾಯಿ ತಲೆ ತಗ್ಗಿಸಿ ಹಿಂದಕ್ಕೆ ಜಗ್ಗಿದರೆ ಸಡಿಲವಾದ ಕೊರಳಪಟ್ಟಿ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಪರಿಚಯವಿಲ್ಲದ ಊರಿನಲ್ಲಿ ಹಾಗೆ ತಪ್ಪಿಸಿಕೊಂಡ ನಾಯಿಗೆ ಮನೆಯ ದಾರಿ ತಿಳಿಯದು. ಎರಡು ಮೀಟರಿನಷ್ಟು ಉದ್ದದ ಸಾಧಾರಣ ಹಗ್ಗ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ, ಸುರುಳಿ ಸುತ್ತಿಕೊಳ್ಳುವ ಹಗ್ಗವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕೈಯಿಂದ ಜಾರಿದರೆ ಅದರ ಹಿಡಿಕೆ ಸದ್ದು ಮಾಡುತ್ತ ನಾಯಿಯ ಬೆನ್ನಟ್ಟುತ್ತದೆ, ಹೆದರುವ ನಾಯಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇನ್ನು ಉದ್ಯಾನದ ಘಟನೆ. ಆ ತಂದೆಯ ಮಾತು ಕಟುವಾಗಿತ್ತೆಂದು ನಿಮಗೆ ನೋವಾಗಿದೆ, ಅದು ಸಹಜ. ಆದರೆ ಈ ವಿಷಯದಲ್ಲಿ ನಾನು ಅವರ ಪಕ್ಷ. ಓಡಿಬರುವ ನಾಯಿ ಆಟಕ್ಕೆ ಬರುತ್ತಿದೆಯೋ ಕಚ್ಚಲು ಬರುತ್ತಿದೆಯೋ ಎಂದು ಎದುರಿಗಿರುವವರಿಗೆ ತಿಳಿಯುವ ಬಗೆಯಿಲ್ಲ. ‘ಏನೂ ಮಾಡುವುದಿಲ್ಲ’ ಎಂದು ನಾವು ಕೂಗಿ ಹೇಳುವಷ್ಟರಲ್ಲಿ ಮಗು ಬೆದರಿರುತ್ತದೆ. ನಾಯಿಗೂ ಸೈಕಲ್ಲಿಗೂ ನಡುವೆ ಕಾಯುವ ಅಂತರವನ್ನೇ ನಾಯಿಗೂ ಪರರಿಗೂ ನಡುವೆಯೂ ಕಾಯಬೇಕು. ಕರೆದ ಕೂಡಲೇ ಎಂಥ ಸಂದರ್ಭದಲ್ಲೂ ಹಿಂದಿರುಗಿ ಬರುವಷ್ಟು ಪಳಗುವವರೆಗೆ, ಸುತ್ತ ಬೇಲಿಯಿರುವ, ನಾಯಿಗಳಿಗೆಂದೇ ಮೀಸಲಾದ ಜಾಗದ ಹೊರಗೆ ಹಗ್ಗ ಬಿಚ್ಚಬೇಡಿ.

ನೀವಿರುವ ದೇಶದ ಹೆಸರನ್ನು ಬರೆದಿಲ್ಲವಾದ್ದರಿಂದ ಅಲ್ಲಿನ ಕಾನೂನನ್ನು ನಾನು ಇಲ್ಲಿ ಹೇಳಲಾರೆ. ಅದು ದೇಶದಿಂದ ದೇಶಕ್ಕೆ ಎಷ್ಟು ಬದಲಾಗುತ್ತದೆಂಬುದಕ್ಕೆ ಒಂದೆರಡು ಉದಾಹರಣೆ ಕೊಡಬಲ್ಲೆ. ನಾರ್ವೆಯಲ್ಲಿ ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ಕಾಡುಪ್ರಾಣಿ, ಪಕ್ಷಿಗಳ ಮರಿಗಳ ರಕ್ಷಣೆಗಾಗಿ ದೇಶದಾದ್ಯಂತ ನಾಯಿಗಳನ್ನು ಹಗ್ಗದಲ್ಲಿ ಅಥವಾ ಅಷ್ಟೇ ಭದ್ರವಾಗಿ ಇಟ್ಟುಕೊಳ್ಳಬೇಕು. ಬ್ರಿಟನ್ನಿನಲ್ಲಿ 1992ರ ಆದೇಶದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ನಾಯಿಯ ಕೊರಳಪಟ್ಟಿಯ ಮೇಲೆ ಮಾಲೀಕರ ಹೆಸರು, ವಿಳಾಸ ಇರಬೇಕು. ವಿಯೆನ್ನಾ ನಗರದ ಸಾರ್ವಜನಿಕ ವಾಹನಗಳಲ್ಲಿ ನಾಯಿಯ ಬಾಯಿಗೆ ಕುಕ್ಕೆ ಹಾಕಬೇಕು. ಇವು ಪಕ್ಕದ ಮನೆಯವರನ್ನು ಕೇಳಿ ನಿರ್ಧರಿಸುವ ಸಂಗತಿಗಳಲ್ಲ. ನಗರಾಡಳಿತದ ಕಚೇರಿಯಲ್ಲಿ ನೇರವಾಗಿ ವಿಚಾರಿಸಿ. ಹಗ್ಗ, ನೋಂದಣಿ, ತೆರಿಗೆ, ವಿಮೆ, ಮಲ ಎತ್ತುವ ನಿಯಮ ಇವೆಲ್ಲವನ್ನೂ ಒಂದೇ ಸಲ ಕೇಳಿಬಿಡಿ. ಮಲ ಎತ್ತುವ ಚೀಲ ಮಾತ್ರ ನಿಯಮ ಏನೇ ಇರಲಿ ನಿಮ್ಮ ಜೇಬಿನಲ್ಲಿ ಸದಾ ಇರಲಿ.

ನಿಮ್ಮ ಯಜಮಾನರಿಗೆ ನನ್ನದೊಂದು ಕೋರಿಕೆಯಿದೆ. ದಿನಕ್ಕೊಮ್ಮೆಯಾದರೂ ಅವರೇ ಅವಳನ್ನು ಆ ಐವತ್ತು ಹೆಜ್ಜೆ ನಡೆಸಲಿ. ಬಾಗಿಲಲ್ಲಿ ಕುಳಿತವಳು ಒಂದು ದಿನ ತಾನಾಗಿ ಎದ್ದು ನಡೆದುದನ್ನು ಕಣ್ಣಾರೆ ಕಂಡವರು ಅವಳನ್ನು ಕೊಟ್ಟುಬಿಡುವ ಮಾತನ್ನು ಸುಲಭವಾಗಿ ಆಡಲಾರರು.

ಪ್ರಶ್ನೆ: ನಮ್ಮ ನಾಯಿಗೆ ಮೈಕ್ರೋಚಿಪ್ ಹಾಕಿಸಿದ್ದೇವೆ. ಅದು ಕಳೆದುಹೋದರೆ ಎಲ್ಲಿದೆಯೆಂದು ಫೋನಿನಲ್ಲಿ ತಿಳಿಯುತ್ತದೆಯೇ?

ಉತ್ತರ: ಇಲ್ಲ. ನಾಯಿಯ ಚರ್ಮದಡಿ ಸೇರಿಸುವ, ಅಕ್ಕಿಕಾಳಿನಷ್ಟು ಗಾತ್ರದ ಆ ಚಿಪ್ಪಿನಲ್ಲಿ ಬ್ಯಾಟರಿಯೂ ಇಲ್ಲ, ನಿಮ್ಮ ಹೆಸರೂ ಇಲ್ಲ. ಅಂತರರಾಷ್ಟ್ರೀಯ ಮಾನದಂಡದ ಚಿಪ್ಪಾದರೆ ಅದರಲ್ಲಿರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಯಾರಾದರೂ ನಾಯಿಯನ್ನು ಪಶುವೈದ್ಯರ ಬಳಿಗೋ ಆಶ್ರಯತಾಣಕ್ಕೋ ತಂದಾಗ ಅವರು ಯಂತ್ರದಿಂದ ಆ ಸಂಖ್ಯೆಯನ್ನು ಓದಿ, ನೋಂದಣಿ ದಾಖಲೆಯಲ್ಲಿ ಹುಡುಕಿ ನಿಮ್ಮನ್ನು ಸಂಪರ್ಕಿಸುತ್ತಾರೆ. ಆ ದಾಖಲೆಯಲ್ಲಿ ಹಿಂದಿನ ದೇಶದ ವಿಳಾಸ, ಈಗ ಬಳಕೆಯಲ್ಲಿಲ್ಲದ ಫೋನ್ ಸಂಖ್ಯೆ ಉಳಿದಿದ್ದರೆ ಚಿಪ್ ಇದ್ದೂ ಪ್ರಯೋಜನವಿಲ್ಲ. ದೇಶ ಬದಲಿಸಿದವರಲ್ಲಿ ಬಹಳ ಮಂದಿ ಮರೆಯುವುದು ಇದನ್ನೇ. ಹೊಸ ದೇಶದ ನೋಂದಣಿ ವ್ಯವಸ್ಥೆಯಲ್ಲಿ ಅದೇ ಸಂಖ್ಯೆಯನ್ನು ಈ ವಾರವೇ ಸೇರಿಸಿ.

ಪ್ರಶ್ನೆ: ಹೊಸ ದೇಶದಲ್ಲಿ ನಮಗೆ ಬಂಧುಗಳಿಲ್ಲ, ಮನೆ ತೀರ ಖಾಲಿಯೆನಿಸುತ್ತದೆ. ಇಬ್ಬರೂ ಉದ್ಯೋಗದಲ್ಲಿದ್ದೇವೆ. ಒಂದು ನಾಯಿಯನ್ನು ತಂದು ಸಾಕಬೇಕೆಂದಿದ್ದೇವೆ. ಮುಂಚಿತವಾಗಿ ಏನನ್ನು ಯೋಚಿಸಬೇಕು?

ಉತ್ತರ: ನಿಮ್ಮ ಒಂಟಿತನ ನನಗೆ ಅರ್ಥವಾಗುತ್ತದೆ. ನಾಯಿಯ ನೆಪದಲ್ಲಿ ದಿನವೂ ಹೊರಗೆ ಹೋಗುವವರಿಗೆ ಬೀದಿಯ ಜನರ ಪರಿಚಯ ಬೇಗ ಆಗುತ್ತದೆಂಬುದೂ ನಿಜ. ಆದರೆ ನೀವು ಮನೆಯಲ್ಲಿಲ್ಲದ ಎಂಟು ಒಂಬತ್ತು ಗಂಟೆ ಅದೇ ಖಾಲಿ ಮನೆಯಲ್ಲಿ ಉಳಿಯುವುದು ಆ ನಾಯಿ. ಜರ್ಮನಿಯಲ್ಲಿ 2022ರಿಂದ ಜಾರಿಯಲ್ಲಿರುವ ನಿಯಮವು ನಾಯಿಗೆ ಸಾಕಷ್ಟು ಹೊರಗಿನ ಓಡಾಟ, ದಿನಕ್ಕೆ ಹಲವು ಬಾರಿ ನೋಡಿಕೊಳ್ಳುವವರ ಒಡನಾಟ ಇರಬೇಕೆನ್ನುತ್ತದೆ. ಸ್ವೀಡನ್ನಿನಲ್ಲಿ ಮನೆಯೊಳಗಿರುವ ನಾಯಿಯನ್ನು ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಬೇಕು. ನಿಮ್ಮ ದೇಶದಲ್ಲಿ ಇಂಥ ನಿಯಮ ಇಲ್ಲದಿದ್ದರೂ ಇದನ್ನೇ ನಿಮ್ಮ ಅಳತೆಯಾಗಿ ಇಟ್ಟುಕೊಳ್ಳಿ. ನಡುಹಗಲಿನಲ್ಲಿ ಬಂದು ಅದನ್ನು ನಡೆಸುವವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾಯಿಯನ್ನು ತರಬೇಡಿ.

ಬಾಡಿಗೆ ಕರಾರಿನಲ್ಲಿ ನಾಯಿಗೆ ಅನುಮತಿಯಿದೆಯೇ ಎಂದು ನೋಡಿ. ಮನೆಯೊಡೆಯರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಬರವಣಿಗೆಯಲ್ಲಿ ಪಡೆಯಿರಿ. ಕೆಲವು ತಳಿಗಳನ್ನು ಸಾಕುವುದಕ್ಕೇ ನಿಷೇಧವಿರುವ ದೇಶಗಳಿವೆ. ಬ್ರಿಟನ್ನಿನ 1991ರ ಕಾನೂನು ಪಿಟ್ ಬುಲ್ ಟೆರಿಯರ್, ಜಪಾನಿನ ಟೋಸಾ ಮೊದಲಾದವನ್ನು ಹೆಸರಿಸಿ ನಿಷೇಧಿಸಿದೆ. ಜಪಾನಿನಲ್ಲಿ ನಾಯಿಯನ್ನು ತಂದ 30 ದಿನಗಳೊಳಗೆ ನೋಂದಾಯಿಸಬೇಕು, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ವೀಸಾದ ಅವಧಿ ಎಷ್ಟು? ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ. ನೀವು ಮತ್ತೊಂದು ದೇಶಕ್ಕೆ ಹೊರಡಬೇಕಾದರೆ ಅದರ ಸಿದ್ಧತೆಗೆ ತಿಂಗಳುಗಟ್ಟಲೆ ಬೇಕಾಗಬಹುದು. ರೇಬಿಸ್ ಹೆಚ್ಚಾಗಿರುವ ಅನೇಕ ದೇಶಗಳಿಂದ ಐರೋಪ್ಯ ಒಕ್ಕೂಟಕ್ಕೆ ನಾಯಿಯನ್ನು ಕರೆದೊಯ್ಯುವುದಾದರೆ ಮೊದಲು ಚಿಪ್, ನಂತರ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನಗಳ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ, ಇದು ಕ್ರಮ. ಲಸಿಕೆ ಮೊದಲು, ಚಿಪ್ ಆಮೇಲೆ ಆದರೆ ಆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಜಪಾನಿಗೆ ಹೋಗುವುದಾದರೆ ಹೆಚ್ಚಿನ ದೇಶಗಳವರಿಗೆ ರಕ್ತಪರೀಕ್ಷೆಯ ನಂತರದ ಕಾಯುವಿಕೆ 180 ದಿನ. ಮರಳುವ ದಿನ ಇನ್ನೂ ದೂರವಿದ್ದರೂ ನಾಯಿ ಮನೆಗೆ ಬಂದ ತಿಂಗಳಲ್ಲೇ ಚಿಪ್ ಹಾಕಿಸಿ, ಲಸಿಕೆಯ ದಾಖಲೆಗಳನ್ನು ಒಂದು ದಿನವೂ ತಪ್ಪದಂತೆ ಜೋಪಾನ ಮಾಡಿದರೆ ಕೊನೆಯ ಗಳಿಗೆಯಲ್ಲಿ ಅದನ್ನು ಬಿಟ್ಟು ಹೊರಡುವ ಸ್ಥಿತಿ ಬರುವುದಿಲ್ಲ.

ಪ್ರಶ್ನೆ: ಬಿಸಿಲಿನ ನಾಡಿನಿಂದ ಹಿಮ ಬೀಳುವ ದೇಶಕ್ಕೆ ಬಂದಿದ್ದೇವೆ. ಚಳಿಗಾಲದಲ್ಲಿ ನಾಯಿಯನ್ನು ನಡೆಸುವುದು ಹೇಗೆ?

ಉತ್ತರ: ಗಿಡ್ಡ ಕೂದಲಿನ, ತೆಳು ಮೈಯ ನಾಯಿಗೆ ಬೆಚ್ಚನೆಯ ಹೊದಿಕೆ ತೊಡಿಸಿ, ನಡಿಗೆಯನ್ನು ಸಣ್ಣ ಸಣ್ಣದಾಗಿ ಹಂಚಿ. ಅದು ನಡುಗಿದರೆ, ಪಾದಗಳನ್ನು ಒಂದೊಂದಾಗಿ ಎತ್ತತೊಡಗಿದರೆ ಕೂಡಲೇ ಮನೆಗೆ ತಿರುಗಿ. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಪಾದದ ಮೆತ್ತೆಯನ್ನು ಒಡೆಯುತ್ತದೆ, ನಾಯಿ ಅದನ್ನು ನೆಕ್ಕಿದರೆ ಹೊಟ್ಟೆಯೂ ಕೆಡುತ್ತದೆ. ಆದ್ದರಿಂದ ಪ್ರತಿ ಸಲವೂ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಬೆರಳ ಸಂದುಗಳಲ್ಲಿ ಕಟ್ಟಿದ ಹಿಮವನ್ನು ತೆಗೆದು, ಚೆನ್ನಾಗಿ ಒರೆಸಿ. ಕಾರಿನ ಎಂಜಿನ್ ಹೆಪ್ಪುಗಟ್ಟದಿರಲು ಹಾಕುವ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದರ ಸಿಹಿರುಚಿಗೆ ನಾಯಿ ನಾಲಗೆ ಹಾಕುತ್ತದೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಪ್ರಾಣ ಹೋಗಬಹುದು. ಕಾರು ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಏನನ್ನೂ ನೆಕ್ಕಲು ಬಿಡಬೇಡಿ. ನೆಕ್ಕಿತೆಂಬ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರ ಬಳಿಗೆ ಓಡಿ. ಕತ್ತಲು ಬೇಗ ಕವಿಯುವ ತಿಂಗಳುಗಳಲ್ಲಿ ನಾಯಿಗೂ ನಿಮಗೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ. ಹೆಪ್ಪುಗಟ್ಟಿದ ಕೆರೆಯ ಹತ್ತಿರ ಹಗ್ಗವನ್ನು ಬಿಚ್ಚಲೇಬೇಡಿ.