ಆರೋಗ್ಯದ ಊಟ ದುಬಾರಿಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ನಾಲ್ವರ ಸಂಸಾರ. ಕಳೆದ ವರ್ಷ ಯಜಮಾನರಿಗೆ ರಕ್ತದೊತ್ತಡ ಇರುವುದು ಗೊತ್ತಾದ ಮೇಲೆ ಮನೆಗೆ ಆರೋಗ್ಯಕರ ಆಹಾರವನ್ನೇ ತರಬೇಕೆಂದು ಪೌಷ್ಟಿಕ ಪುಡಿ, ಸಕ್ಕರೆರಹಿತ ಬಿಸ್ಕತ್ತು, ಪೊಟ್ಟಣದ ಹಣ್ಣಿನ ರಸ ಇವನ್ನೆಲ್ಲ ಕೊಳ್ಳತೊಡಗಿದೆ. ದಿನಸಿಯ ಖರ್ಚು ಏರಿತೇ ಹೊರತು ಒತ್ತಡ ಇಳಿಯಲಿಲ್ಲ. ಆರೋಗ್ಯದ ಊಟ ಉಳ್ಳವರಿಗಷ್ಟೇ ಸಾಧ್ಯವೇ? ಎಲ್ಲಿ ಕೈ ಬಿಗಿ ಹಿಡಿಯಬಹುದು?

ಉತ್ತರ: ನೀವು ಬರೆದಿರುವ ಪಟ್ಟಿಯಲ್ಲಿ ರಕ್ತದೊತ್ತಡಕ್ಕೆ ಎಲ್ಲಕ್ಕಿಂತ ಹೆಚ್ಚು ಸಂಬಂಧಪಟ್ಟ ಪದಾರ್ಥದ ಹೆಸರೇ ಇಲ್ಲ. ಅದು ಉಪ್ಪು. ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಜಗತ್ತಿನ ಜನ ಸರಾಸರಿ ಅದರ ಎರಡರಷ್ಟು ತಿನ್ನುತ್ತಿದ್ದಾರೆ. ನಿಮ್ಮ ಮನೆಯ ಲೆಕ್ಕ ತಿಳಿಯಲು ಹೊಸ ಉಪ್ಪಿನ ಪೊಟ್ಟಣ ಒಡೆದ ದಿನವನ್ನು ಅದರ ಮೇಲೆಯೇ ಬರೆದಿಡಿ. ನಾಲ್ವರು ದಿನಕ್ಕೆ ತಲಾ 5 ಗ್ರಾಂ ಬಳಸಿದರೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಅದು 25 ದಿನಕ್ಕೇ ಮುಗಿದರೆ ಬಳಕೆ ಇಮ್ಮಡಿಯಾಗಿದೆ ಎಂದರ್ಥ. ತರಕಾರಿ ಬೇಯಿಸಿ ಚೆಲ್ಲುವ ನೀರಿನಲ್ಲಿ ಒಂದಿಷ್ಟು ಉಪ್ಪು ಹೋಗುತ್ತದೆಂಬುದು ನಿಜವಾದರೂ, ಹೊರಗಿನಿಂದ ತಂದ ತಿಂಡಿಯ ಉಪ್ಪು ಈ ಲೆಕ್ಕಕ್ಕೆ ಬಂದೇ ಇರುವುದಿಲ್ಲ. ಬಿಸ್ಕತ್ತು, ಬ್ರೆಡ್, ಸಾಸ್, ಕುರುಕಲು ತಿಂಡಿ ಎಲ್ಲದರಲ್ಲೂ ಉಪ್ಪು ಇದೆ. ಪೊಟ್ಟಣದ ಮೇಲೆ ಸೋಡಿಯಂ ಎಂದು ನಮೂದಿಸಿದ್ದರೆ ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿ. 400 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು. ಸಕ್ಕರೆರಹಿತ ಎಂಬ ದೊಡ್ಡ ಅಕ್ಷರಗಳ ಕೆಳಗೆ ಈ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಅನೇಕರಿಗಿಲ್ಲ. ಉಪ್ಪು ಕಡಿಮೆ ಮಾಡಿದೆವೆಂದು ಯಜಮಾನರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯ ಉಪ್ಪಿನ ಬದಲಿಗೆ ಸಿಗುವ ಪೊಟ್ಯಾಸಿಯಂ ಬೆರೆತ ಉಪ್ಪನ್ನು ಮೂತ್ರಪಿಂಡದ ತೊಂದರೆಯಿರುವವರು ಮತ್ತು ಒತ್ತಡದ ಕೆಲವು ಮಾತ್ರೆಗಳನ್ನು ನುಂಗುವವರು ವೈದ್ಯರನ್ನು ಕೇಳದೆ ಬಳಸಬಾರದು.

ಇನ್ನು ಖರ್ಚಿನ ಮಾತು. ಆರೋಗ್ಯದ ಊಟ ಯಾವಾಗಲೂ ಅಗ್ಗವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಒಳಗೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಂಸ್ಕರಿಸದ ಆಹಾರವನ್ನೂ ಬೇಕಾದಷ್ಟು ತಿನ್ನಲು ಕೊಟ್ಟರು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರಿನಂಶಗಳ ಪ್ರಮಾಣ ಎರಡರಲ್ಲೂ ಹೊಂದುವಂತಿತ್ತು. ಆದರೂ ಸಂಸ್ಕರಿಸಿದ್ದನ್ನು ತಿಂದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಸರಾಸರಿ 0.9 ಕಿಲೋ ತೂಕ ಏರಿಸಿಕೊಂಡರು. ಅದೇ ಅಧ್ಯಯನದಲ್ಲಿ ಸಂಸ್ಕರಿಸಿದ ಊಟದ ಪದಾರ್ಥಗಳಿಗೆ ನೂರು ಖರ್ಚಾದರೆ ಸಂಸ್ಕರಿಸದವಕ್ಕೆ ನೂರನಲವತ್ತರಷ್ಟು ತಗಲಿತ್ತು. ಹಾಗಾಗಿ ನಿಮ್ಮ ದೂರಿನಲ್ಲಿ ಹುರುಳಿದೆ.

ಆದರೆ ನೀವು ಕೊಂಡದ್ದರಲ್ಲಿ ಹೆಚ್ಚಿನವು ಆ ಸಂಸ್ಕರಿಸದ ಆಹಾರದ ಸಾಲಿಗೆ ಸೇರುವುದೇ ಇಲ್ಲ. ಹಣ್ಣಿನ ರಸದಲ್ಲಿ ನಾರಿನಂಶ ಬಹುಪಾಲು ಹೋಗಿ ಸಕ್ಕರೆ ಉಳಿದಿರುತ್ತದೆ; ಇಡೀ ಹಣ್ಣನ್ನು ಜಗಿದಾಗ ಬರುವ ತೃಪ್ತಿ ರಸ ಕುಡಿದಾಗ ಬಾರದು. ಪುಡಿಯ ಡಬ್ಬದ ಹಿಂಬದಿಯಲ್ಲಿ ಪದಾರ್ಥಗಳನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಎರಡು ಮೂರು ಹೆಸರುಗಳಲ್ಲೇ ಸಕ್ಕರೆ ಕಂಡರೆ ಆ ಡಬ್ಬಕ್ಕೆ ತೆತ್ತ ಹಣದ ಬಹುಭಾಗ ಜಾಹೀರಾತಿಗೆ ಹೋಯಿತೆಂದೇ ನಾನು ತಿಳಿಯುತ್ತೇನೆ. ಈ ಮೂರನ್ನೂ ನಿಲ್ಲಿಸಿ, ಉಳಿದ ಹಣದಲ್ಲಿ ಬೇಳೆಕಾಳು ಮತ್ತು ಆಯಾ ಕಾಲಕ್ಕೆ ಅಗ್ಗವಾಗಿ ಸಿಗುವ ತರಕಾರಿ ಹಣ್ಣುಗಳನ್ನು ತನ್ನಿ. ಒಣಕಾಳು ಬೆಂದಾಗ ಎರಡರಿಂದ ಎರಡೂವರೆ ಪಟ್ಟು ತೂಗುತ್ತದೆ, ಪ್ರೋಟೀನನ್ನೂ ನಾರಿನಂಶವನ್ನೂ ಒಟ್ಟಿಗೇ ಕೊಡುತ್ತದೆ. ಬೆಲೆ ಹೋಲಿಸುವಾಗ ಪೊಟ್ಟಣಕ್ಕೆಷ್ಟು ಎಂದು ನೋಡದೆ, ಎಷ್ಟು ಜನರ ಹಸಿವನ್ನು ಎಷ್ಟು ಹೊತ್ತು ತಡೆಯಿತು ಎಂದು ನೋಡಿ.

ಕಸದ ಬುಟ್ಟಿಯ ಖರ್ಚನ್ನು ಯಾರೂ ಬರೆದಿಡುವುದಿಲ್ಲ. 2022ರಲ್ಲಿ ಗ್ರಾಹಕರ ಮಟ್ಟಕ್ಕೆ ತಲುಪಿದ ಆಹಾರದಲ್ಲಿ 19 ಶೇಕಡಾ ಪೋಲಾಯಿತೆಂದೂ, ಹಾಗೆ ಪೋಲಾದದ್ದರಲ್ಲಿ 60 ಶೇಕಡಾ ಮನೆಗಳಿಂದಲೇ ಎಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಆರೋಗ್ಯಕ್ಕೆಂದು ಉತ್ಸಾಹದಿಂದ ತಂದ ಸೊಪ್ಪು ನಾಲ್ಕನೆಯ ದಿನ ಬಾಡಿ ಹೋದರೆ, ದುಬಾರಿಯಾದದ್ದು ಸೊಪ್ಪಲ್ಲ, ನಮ್ಮ ಅಂದಾಜು.

ಪ್ರಶ್ನೆ: ತೂಕವೂ ಇಳಿಯಲಿ, ಖರ್ಚೂ ಉಳಿಯಲಿ ಎಂದು ಬೆಳಗಿನ ತಿಂಡಿ ಬಿಟ್ಟಿದ್ದೇನೆ. ತಿಂಡಿ ಬಿಟ್ಟರೆ ತೂಕ ಹೆಚ್ಚುತ್ತದೆಂದು ಗೆಳೆಯರು ಹೆದರಿಸುತ್ತಿದ್ದಾರೆ. ಇದು ನಿಜವೇ?

ಉತ್ತರ: ಗೆಳೆಯರ ಮಾತಿಗೆ ಗಟ್ಟಿ ಆಧಾರವಿಲ್ಲ. 13 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಬೆಳಗ್ಗೆ ತಿಂದವರೇ ದಿನಕ್ಕೆ ಸುಮಾರು 260 ಕ್ಯಾಲರಿ ಹೆಚ್ಚು ಸೇವಿಸಿದ್ದು ಕಂಡುಬಂತು. ಆದರೆ ಅವು ಬಹುತೇಕ ಅಲ್ಪಾವಧಿಯ ಪ್ರಯೋಗಗಳಾದ್ದರಿಂದ ತಿಂಡಿ ಬಿಡುವುದೇ ಒಳ್ಳೆಯದೆಂದು ಅದರಿಂದ ತೀರ್ಮಾನಿಸಲಾಗದು. ನೀವು ನೋಡಬೇಕಾದದ್ದು ಹನ್ನೊಂದು ಗಂಟೆಯ ಹೊತ್ತಿಗೆ ಏನಾಗುತ್ತದೆ ಎಂಬುದನ್ನು. ಹಸಿವು ತಾಳದೆ ಕರಿದ ತಿಂಡಿಯನ್ನೂ ಒಂದು ತಂಪು ಪಾನೀಯವನ್ನೂ ಕೊಂಡರೆ ಉಳಿಸಿದ ಹಣವೂ ಕ್ಯಾಲರಿಯೂ ಅಲ್ಲೇ ಮುಗಿಯುತ್ತವೆ. 330 ಮಿಲಿಲೀಟರಿನ ಸಿಹಿ ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೊಂದರಂತೆ ಕುಡಿದರೆ ತಿಂಗಳಿಗೆ ಒಂದು ಕಿಲೋ ದಾಟುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಾದರೆ ವೈದ್ಯರಿಗೆ ತಿಳಿಸದೆ ಯಾವ ಹೊತ್ತಿನ ಊಟವನ್ನೂ ಬಿಡಬೇಡಿ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಪ್ರಶ್ನೆ: ಸಕ್ಕರೆಗೆ ಬದಲಾಗಿ ಹೆಚ್ಚು ಬೆಲೆ ಕೊಟ್ಟು ಜೇನುತುಪ್ಪ ಬಳಸಿದರೆ ಲಾಭವಿದೆಯೇ?

ಉತ್ತರ: ರುಚಿಗಾಗಿ ಬಳಸಿ, ಆರೋಗ್ಯಕ್ಕಾಗಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮಿತಗೊಳಿಸಲು ಹೇಳುವ ಸಕ್ಕರೆಗಳ ಪಟ್ಟಿಯಲ್ಲಿ ಜೇನೂ ಸೇರಿದೆ. ಒಟ್ಟು ಕ್ಯಾಲರಿಯಲ್ಲಿ ಇವುಗಳ ಪಾಲು 10 ಶೇಕಡಾ ಮೀರಬಾರದು, 5 ಶೇಕಡಾದೊಳಗೆ ಅಂದರೆ ದಿನಕ್ಕೆ ಸುಮಾರು 25 ಗ್ರಾಂನೊಳಗೆ ನಿಂತರೆ ಇನ್ನೂ ಒಳ್ಳೆಯದು. ವರ್ಷ ತುಂಬದ ಮಗುವಿಗಂತೂ ಜೇನು ಕೊಡಲೇಬೇಡಿ. ಅದರಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಸಂಭವವಿದೆ.