ಯಾವ ಗಿಡದ ಎಲೆ?

ಹಿರಿಯೂರಿನಿಂದ ಬರೆದವರಿಗೆ ನಮಸ್ಕಾರ.

‘ತರಕಾರಿ ಬೆಳೆಗಳ ಎಲೆ, ದ್ಯುತಿಸಂಶ್ಲೇಷಣೆ ಮತ್ತು ತಳಿಗುಣ’ ಎಂಬ ನಿಮ್ಮ ಲೇಖನ ಕೈಸೇರಿತು. ವಿಷಯ ಒಳ್ಳೆಯದು, ಕನ್ನಡದಲ್ಲಿ ಇದನ್ನು ಬರೆಯುವವರು ವಿರಳ, ಕಾಗುಣಿತವೂ ಶುದ್ಧವಾಗಿದೆ. ಆದರೆ ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಏಕೆಂದು ಹೇಳುತ್ತೇನೆ, ಬೇಸರಿಸಬೇಡಿ.

ಮೊದಲ ಸಾಲು: ‘ಎಲೆಯು ಸಸ್ಯದ ಅಡುಗೆಮನೆಯಾಗಿದೆ.’ ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದೇ. ತೆಗೆಯಿರಿ. ಎರಡನೆಯ ಸಾಲು: ‘ತರಕಾರಿ ಬೆಳೆಗಳಲ್ಲಿ ಎಲೆಯ ಗಾತ್ರ, ಆಕಾರ, ಬಣ್ಣಗಳು ವಂಶವಾಹಿಗಳಿಂದ ನಿಯಂತ್ರಿಸಲ್ಪಡುತ್ತವೆ.’ ಯಾವ ತರಕಾರಿ? ಬದನೆಯೇ, ಬೆಂಡೆಯೇ, ಬಟಾಣಿಯೇ? ಕೊನೆಯ ಪುಟದವರೆಗೆ ತಿರುವಿದರೂ ಒಂದು ಗಿಡದ ಹೆಸರು ಸಿಗಲಿಲ್ಲ. ಟೊಮೆಟೊವನ್ನೇ ನೋಡಿ. ಮಾಮೂಲಿ ಗಿಡದ ಎಲೆಯ ಅಂಚು ಹಲ್ಲುಹಲ್ಲಾಗಿ ಸೀಳಿರುತ್ತದೆ. ಕೆಲವು ತಳಿಗಳಲ್ಲಿ ಮಾತ್ರ ಆಲೂಗಡ್ಡೆ ಗಿಡದ್ದರಂತೆ ಅಗಲವಾದ, ಅಂಚು ನುಣುಪಾದ ಎಲೆ. ಎರಡನ್ನೂ ಸಂಕರ ಮಾಡಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಸೀಳೆಲೆ. ಎರಡನೆಯ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಆಲೂಗಡ್ಡೆ ಎಲೆ. ಸಸಿಮಡಿಯಲ್ಲಿ ಕುಳಿತೇ ಎಣಿಸಬಹುದು. ಆ ಮಡಿಯನ್ನು ತೋರಿಸಿದ್ದರೆ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತವೆ ಎಂಬ ಮೆಂಡೆಲ್ ನಿಯಮ ಓದುಗರಿಗೆ ತಾನಾಗಿ ತಿಳಿಯುತ್ತಿತ್ತು.

ನಾನು ಈ ಸಂಪಾದನೆಯ ಕೆಲಸ ಕಲಿತದ್ದು ದಾವಣಗೆರೆಯ ಒಂದು ಅಚ್ಚುಕೂಟದಲ್ಲಿ, ಇನ್ನೂ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಅಲ್ಲಿನ ಹಿರಿಯ ಸಂಪಾದಕರು ಕೃಷಿ ಬರಹಗಳ ಅಂಚಿನಲ್ಲಿ ‘ಯಾವ ಬೆಳೆ? ಯಾವ ಮಣ್ಣು?’ ಎಂದಷ್ಟೇ ಕೆಂಪು ಪೆನ್ಸಿಲ್ಲಿನಲ್ಲಿ ಬರೆದು ಹಿಂತಿರುಗಿಸುತ್ತಿದ್ದರು. ಮೊಳೆ ಜೋಡಿಸುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ರೈತರ ಮಕ್ಕಳು. ಜೋಡಿಸುತ್ತಲೇ ಓದುತ್ತಿದ್ದರು, ತಲೆಬುಡ ತಿಳಿಯದ ಸಾಲು ಬಂದರೆ ಕೈ ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. ಇಂದಿಗೂ ಯಾವ ಲೇಖನ ಬಂದರೂ ಅವರ ಕೈ ಎಲ್ಲಿ ನಿಲ್ಲುತ್ತಿತ್ತು ಎಂದೇ ನಾನು ಹುಡುಕುತ್ತೇನೆ.

ನಿಮ್ಮ ಮೂರನೆಯ ಪುಟದಲ್ಲಿ ಖಂಡಿತ ನಿಲ್ಲುತ್ತಿತ್ತು: ‘ದ್ಯುತಿಸಂಶ್ಲೇಷಣೆಯ ವಂಶವಾಹಿಯನ್ನು ಸುಧಾರಿಸಿದರೆ ಇಳುವರಿ ಇಮ್ಮಡಿಯಾಗುವುದು ನಿಶ್ಚಿತ.’ ಆಲೂಗಡ್ಡೆ ಎಲೆಗೆ ಇರುವಂತೆ ದ್ಯುತಿಸಂಶ್ಲೇಷಣೆಗೂ ಒಂದೇ ವಂಶವಾಹಿ ಇದೆಯೆಂದು ರೈತ ನಂಬಿದರೆ, ನಾಳೆ ಬೀಜದಂಗಡಿಯಲ್ಲಿ ಯಾರು ಏನು ಹೇಳಿದರೂ ದುಡ್ಡು ಎಣಿಸುತ್ತಾನೆ. ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವವೊಂದನ್ನೇ ತೆಗೆದುಕೊಳ್ಳಿ. ಅದರ ದೊಡ್ಡ ತುಣುಕಿನ ವಂಶವಾಹಿ ಜೀವಕೋಶದ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿದೆ, ಚಿಕ್ಕ ತುಣುಕಿನವು ಕೋಶದ ಕೇಂದ್ರವಾದ ನ್ಯೂಕ್ಲಿಯಸ್ಸಿನಲ್ಲಿವೆ. ಟೊಮೆಟೊದಲ್ಲಿ ಮೊದಲನೆಯದು ತಾಯಿ ಗಿಡದಿಂದಲೇ ಬರಬೇಕು. ಉಳಿದವು ತಂದೆ, ತಾಯಿ ಎರಡರಿಂದಲೂ ಬರುತ್ತವೆ. ಇದರ ಮೇಲೆ ಎಲೆಯ ದಪ್ಪ, ಅದರಲ್ಲಿರುವ ಸಾರಜನಕ, ಗಾಳಿ ಒಳಹೊರಗಾಗುವ ಸಣ್ಣ ತೂತುಗಳಾದ ಪತ್ರರಂಧ್ರಗಳ ಸಂಖ್ಯೆ. ಒಂದೊಂದರ ಹಿಂದೆಯೂ ಹಲವು ವಂಶವಾಹಿಗಳು. ನೀರು ಸಾಲದೆ ಮಧ್ಯಾಹ್ನದ ಬಿಸಿಲಿಗೆ ಪತ್ರರಂಧ್ರ ಮುಚ್ಚಿಕೊಂಡಿತೆಂದರೆ ಎಂಥ ತಳಿಯೂ ಕೈಚೆಲ್ಲುತ್ತದೆ. ಬಯಲುಸೀಮೆಯಲ್ಲಿ ಕುಳಿತು ಬರೆಯುವ ನೀವು ಇದನ್ನು ಹೇಗೆ ಬಿಟ್ಟಿರಿ?

ಉಳಿದ ಪುಟಗಳ ಮಾತು ಈಗ ಬೇಡ. ಈರುಳ್ಳಿಯೊಂದನ್ನೇ ಹಿಡಿದು ಮತ್ತೆ ಬರೆಯಿರಿ. ಚಿತ್ರದುರ್ಗ ಜಿಲ್ಲೆಯ ಓದುಗರಿಗೆ ಅದಕ್ಕಿಂತ ಹತ್ತಿರದ ತರಕಾರಿ ಇಲ್ಲ. ಅದರ ಎಲೆಯನ್ನು ಬೆರಳಿನಿಂದ ಉಜ್ಜಿದರೆ ಬೂದುಬಣ್ಣದ ಮೇಣ ಅಳಿಸಿ ಕೆಳಗಿನ ಕಡುಹಸಿರು ಕಾಣುತ್ತದೆ. ಈ ಮೇಣ ಕಡಿಮೆಯಿರುವ ಹೊಳಪೆಲೆಯ ತಳಿಗೆ ಥ್ರಿಪ್ಸ್ ನುಸಿಯ ಕಾಟ ಕಡಿಮೆ ಎಂಬುದನ್ನು ತಳಿತಜ್ಞರು 1930ರ ದಶಕದಲ್ಲೇ ಗುರುತಿಸಿದ್ದರು. ನುಸಿ ಕೆರೆದು ರಸ ಹೀರಿದಲ್ಲೆಲ್ಲ ಬೆಳ್ಳಗಿನ ಗೀರು ಬೀಳುತ್ತದೆ. ಅಷ್ಟು ಹಸಿರು ಹೋಯಿತು, ಗೆಡ್ಡೆಗೆ ಇಳಿಯಬೇಕಾದ ಸಕ್ಕರೆಯೂ ಹೋಯಿತು. ಆದರೆ ಅದೇ ಮೇಣ ಎಲೆಯ ನೀರನ್ನೂ ಕಾಯುತ್ತದೆ. ಮಳೆಯನ್ನೇ ನಂಬಿದ ಹೊಲದಲ್ಲಿ ಮೇಣ ಬೇಕೋ ಬೇಡವೋ? ಈ ಪ್ರಶ್ನೆ ಹಿಡಿದುಕೊಂಡು ನಿಮ್ಮ ಹಿರಿಯೂರಿನ ಬಬ್ಬೂರು ಫಾರಂ ಸಂಶೋಧನಾ ಕೇಂದ್ರದ ತೋಟಗಾರಿಕೆ ತಜ್ಞರನ್ನು ಕೇಳಿ, ಚಳ್ಳಕೆರೆ ಕಡೆಯ ಬೆಳೆಗಾರರನ್ನೂ ಕೇಳಿ. ಇಬ್ಬರ ಉತ್ತರ ಬೇರೆಯಾದರೆ ಎರಡನ್ನೂ ಹಾಗೆಯೇ ಬರೆಯಿರಿ. ಎರಡು ಪುಟ ಸಾಕು. ಮುಂಗಾರು ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ.