ಫಿಲಿಪ್ಸ್ ರೇಡಿಯೊ ಕಾರ್ಖಾನೆ ಇದ್ದ ಜಾಗದಲ್ಲಿ ಈಗೇನಿದೆ?

ಪ್ರಶ್ನೆ: ನಮ್ಮಪ್ಪನ ಕಾಲದ ಫಿಲಿಪ್ಸ್ ವಾಲ್ವ್ ರೇಡಿಯೊ ಇನ್ನೂ ಮನೆಯಲ್ಲಿದೆ. ಮಗ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ಹತ್ತಿರ, ಚಿಪ್ ತಯಾರಿಸೋ ಯಂತ್ರಗಳ ಎಎಸ್‌ಎಂಎಲ್ ಕಂಪನಿಯಲ್ಲಿದ್ದಾನೆ. ಅವನ ಮನೆಗೆ ಹೊರಟಿದ್ದೇನೆ. ಈ ರೇಡಿಯೊ ಕಾರ್ಖಾನೆ ಅದೇ ಊರಲ್ಲಿತ್ತಂತೆ. ನೋಡೋಕೆ ಏನಾದ್ರೂ ಉಳಿದಿದೆಯಾ ಸಾರ್?
– ನಿವೃತ್ತ ಶಿಕ್ಷಕಿ, ಗುಬ್ಬಿ

ಉತ್ತರ: ಮೊದಲು ರೇಡಿಯೊ ತಿರುಗಿಸಿ ಹಿಂದಿನ ರಟ್ಟು ಓದಿ ಮೇಡಂ. ತುಮಕೂರಿನ ನನ್ನ ಅಂಗಡಿಗೆ ರಿಪೇರಿಗೆ ಬರುತ್ತಿದ್ದ ಫಿಲಿಪ್ಸ್ ಸೆಟ್‌ಗಳಲ್ಲಿ ನಮ್ಮ ದೇಶದಲ್ಲೇ ತಯಾರಾದವೇ ಜಾಸ್ತಿ. 1948ರಲ್ಲೇ ಅವರು ಕೋಲ್ಕತ್ತದಲ್ಲಿ ರೇಡಿಯೊ ಮಾಡಲು ಶುರು ಮಾಡಿದ್ದರು. 1959ರಲ್ಲಿ ಪುಣೆ ಹತ್ತಿರ ಇನ್ನೊಂದು ಕಾರ್ಖಾನೆ ಬಂತು. ರಟ್ಟಿನ ಮೇಲೆ ಹಾಲೆಂಡ್ ಅಂತಿದ್ದರೆ ಮಾತ್ರ ಐಂಡ್‌ಹೋವನ್ ಅದರ ತವರು. ಇಲ್ಲದಿದ್ದರೂ ಹೋಗಿ ಬನ್ನಿ.

ಆ ಜಾಗದ ಹೆಸರು ಸ್ಟ್ರೈಪ್-ಎಸ್. ಐಂಡ್‌ಹೋವನ್ ಸೆಂಟ್ರಲ್‌ನಿಂದ ರೈಲಿನಲ್ಲಿ ಪಕ್ಕದ ಸ್ಟೇಷನ್ನೇ. ಅಳಿಯನ ಮನೆಗೆ ಹೋಗಿದ್ದಾಗ ನಾನು ಸುತ್ತಿ ನೋಡಿದ್ದೇನೆ. ರೇಡಿಯೊ ಮಾಡೋರು ಯಾರೂ ಇಲ್ಲ, ಆದರೆ ಗೋಡೆಗಳು ಗಟ್ಟಿಯಾಗಿ ನಿಂತಿವೆ. ಕಂಪನಿ ಬೆಳೆಸಿದ ಅಣ್ಣ-ತಮ್ಮ ಗೆರಾರ್ಡ್ ಮತ್ತು ಆಂಟನ್ ಫಿಲಿಪ್ಸ್. ಅವರ ಹೆಸರಿನ ಎರಡು ಉದ್ದನೆಯ ಬಿಳಿ ಕಟ್ಟಡಗಳಲ್ಲಿ ಈಗ ಜನ ಸಂಸಾರ ಮಾಡುತ್ತಿದ್ದಾರೆ. ಗಡಿಯಾರ ಇರುವ ಇನ್ನೊಂದು ಕಟ್ಟಡದಲ್ಲಿ ಸಂಗೀತ ಕಛೇರಿ, ಪ್ರದರ್ಶನ ನಡೆಯುತ್ತವೆ. ಹೊಸದಾಗಿ ಎದ್ದಿರೋ 19 ಅಂತಸ್ತಿನ ಟವರ್‌ನ ಬಾಲ್ಕನಿಗಳಲ್ಲಿ ಮರಗಳನ್ನೇ ಬೆಳೆಸಿದ್ದಾರೆ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ನನಗೆ ಅದಕ್ಕಿಂತ ತಲೆಮೇಲೆ ಹಾದುಹೋಗುವ ಹಳೇ ಕೊಳವೆಗಳೇ ಇಷ್ಟವಾದವು. ಬಾಯ್ಲರ್ ಮನೆಯಿಂದ ಹೊರಟ ಆ ಪೈಪುಗಳನ್ನು ಕೀಳದೆ ಹಾಗೇ ಬಿಟ್ಟಿದ್ದಾರೆ. ಗುಜರಿಗೆ ಹಾಕಿದ್ದರೆ ಕೇಳೋರಿರಲಿಲ್ಲ.

ನ್ಯಾಟ್‌ಲ್ಯಾಬ್ ಮಾತ್ರ ತಪ್ಪಿಸಬೇಡಿ. ಅದು ಫಿಲಿಪ್ಸ್‌ನ ಪ್ರಯೋಗಾಲಯವಾಗಿತ್ತು. 1927ರಲ್ಲಿ ಡಚ್ ರಾಣಿ ವಿಲ್ಹೆಲ್ಮಿನಾ ಅಲ್ಲಿಂದ ಮಾತಾಡಿದ್ದು ಶಾರ್ಟ್‌ವೇವ್‌ನಲ್ಲಿ ಈಗಿನ ಇಂಡೊನೇಷ್ಯಾವರೆಗೂ ಕೇಳಿಸಿತ್ತು. ಅದೇ ವರ್ಷ ಫಿಲಿಪ್ಸ್ ರೇಡಿಯೊ ಮಾರುಕಟ್ಟೆಗೆ ಬಂತು. 1932ರ ಹೊತ್ತಿಗೆ ಹತ್ತು ಲಕ್ಷ ಸೆಟ್ ಮಾರಿದ್ದರು! ಆ ಕಟ್ಟಡ ಈಗ ಸಿನಿಮಾ-ನಾಟಕ ಮಂದಿರ. ಟಿಕೆಟ್ ತೊಗೊಂಡು ಒಳಗೆ ಕೂರಬಹುದು.

ರಸ್ತೆಯ ಬೋರ್ಡುಗಳನ್ನೂ ಓದಿ. ಹಳೇ ರೇಡಿಯೊ ಪೆಟ್ಟಿಗೆಗಳ ಗಟ್ಟಿ ಪ್ಲಾಸ್ಟಿಕ್ ಬೇಕಲೈಟ್. ಫಿಲಿಪ್ಸ್‌ನವರ ಬೇಕಲೈಟಿಗೆ ಫಿಲೈಟ್ ಅಂತ ಹೆಸರಿತ್ತು. ಆ ಹೆಸರಿನ ರಸ್ತೆ ಅಲ್ಲಿದೆ. ನಿಮ್ಮ ಸೆಟ್ ಕಂದು ಬಣ್ಣದ ಬೇಕಲೈಟ್‌ನದಾದರೆ ಒಂದು ಫೋಟೊ ಜೊತೆಗಿಟ್ಟುಕೊಳ್ಳಿ.

ಒಂದು ಕಾಲದಲ್ಲಿ ಕೆಲಸಗಾರರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಊರವರು ಅದನ್ನು ‘ನಿಷೇಧಿತ ನಗರ’ ಅನ್ನುತ್ತಿದ್ದರಂತೆ. ಈಗ ಯಾರು ಬೇಕಾದರೂ ಓಡಾಡಬಹುದು. ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಗೊತ್ತಲ್ಲ? 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಆಮೇಲೆ ಜಾಗ ಇಸ್ರೋಗೆ ಹೋಯಿತು. ಕೆಲಸ ಬಂದರೆ ಒಳ್ಳೆಯದೇ. ಆದರೆ ಸುಮ್ನೆ ಒಳಗೆ ಹೋಗಿ ‘ನಾನು ಇಲ್ಲಿ ಕೂರ್ತಿದ್ದೆ’ ಅಂತ ಮೊಮ್ಮಕ್ಕಳಿಗೆ ತೋರಿಸೋಕೆ ಆಗಲ್ಲ ಅಲ್ವಾ?

ಅಂದ ಹಾಗೆ, ನಿಮ್ಮ ಮಗನ ಕಂಪನಿಯೂ ಫಿಲಿಪ್ಸ್ ಮನೆಯ ಕೂಸೇ. 1984ರಲ್ಲಿ ಫಿಲಿಪ್ಸ್ ಮತ್ತು ಎಎಸ್‌ಎಂ ಅನ್ನೋ ಇನ್ನೊಂದು ಡಚ್ ಕಂಪನಿ ಸೇರಿ ಶುರು ಮಾಡಿದ್ದು. ಸ್ಟ್ರೈಪ್-ಎಸ್‌ನಲ್ಲಿ ರೇಡಿಯೊ ಸಿಗದಿದ್ದರೆ ಬೇಸರ ಬೇಡ. ಊರೊಳಗೆ 1891ರ ಮೊದಲ ಬಲ್ಬ್ ಕಾರ್ಖಾನೆಯ ಜಾಗದಲ್ಲೇ ಫಿಲಿಪ್ಸ್ ಮ್ಯೂಸಿಯಂ ಇದೆ. ಅವನನ್ನೂ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ಹೊರಡೋ ಮುಂಚೆ ಆಸೆಗೆ ಅಪ್ಪನ ರೇಡಿಯೊವನ್ನು ನೇರವಾಗಿ ಕರೆಂಟಿಗೆ ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್‌ನಲ್ಲಿ ಕಂಡೆನ್ಸರ್ ಹಾಳಾಗಿರುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟೀತು. ವಾಲ್ವ್ ಸೆಟ್ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಸೀರೀಸ್ ಬಲ್ಬ್ ಹಾಕಿ (ಅಂದರೆ ಕರೆಂಟು ಒಂದು ಬಲ್ಬ್ ಮೂಲಕವೇ ಸೆಟ್‌ಗೆ ಹೋಗುವ ಹಾಗೆ ಜೋಡಿಸಿ) ಪರೀಕ್ಷೆ ಮಾಡಿಸಿ.